ಇಪ್ಪತ್ತೆಂಟು ನಿಮಿಷ

ಹೊದಿಕೆಯ ಮೇಲೆ ತಂಡದ ಹೆಸರಿದೆಯಂತೆ.
ನನಗೆ ಕಂಡದ್ದು ಗೋಡೆ ಸೀಳಿದ ಬೇರು,
ಬಾಚಣಿಗೆಯಲ್ಲಿ ಸಿಕ್ಕ ತಲೆಗೂದಲ ಮುದ್ದೆ.
ತಮ್ಮ ತಾತಾಂಗ್ ಬೆರಳಿಟ್ಟು ತೋರಿಸಿದ:
ಇದು ಎಂ, ಇದು ಕೆ, ಸುತ್ತಿಕೊಂಡಿದೆಯಲ್ಲ ಅದು ಎಸ್ಸು.
ಓದಲು ಬರುವಂತೆ ಬರೆದರೆ
ಯಾರು ಬೇಕಾದರೂ ಒಳಗೆ ಬಂದುಬಿಡುತ್ತಾರೆ, ಅಕ್ಕ.

ಕೆಳಗಿನ ಚಿತ್ರದ ಮಾತು ಬೇಡ.
ಹೆರಿಗೆ ಮಾಡಿಸುವುದು ನನ್ನ ಕಸುಬು.
ಬಿಡಿಸಿದವನು ಕರುಳು ಕಂಡವನಲ್ಲ,
ಕುರಿಯದ್ದೂ ಸಹ.

ಮೊದಲ ಸಲ
ಜಲ್ಲಿ ಒಡೆಯುವ ಯಂತ್ರಕ್ಕೆ ನೆಗಡಿಯಾದಂತೆ ಕೇಳಿಸಿತು.
ಡ್ರಮ್ಮು ತಗಡಿನ ಡಬ್ಬಿಯಲ್ಲಿ ಸಿಡಿಯುವ ಜೋಳ.
ಕಂಠವೋ, ಅದು ಕಂಠವೇ ಅಲ್ಲ:
ಬಚ್ಚಲ ಕೊಳವೆಯಲ್ಲಿ ಎಮ್ಮೆಗರು ಸಿಕ್ಕಿಕೊಂಡು
ಯಾರನ್ನೂ ಕರೆಯದೆ ಗೊಣಗುತ್ತಿತ್ತು.
ಪದಗಳೂ ಇವೆಯಂತೆ, ಇಂಗ್ಲಿಷಿನವು,
ವೈದ್ಯರ ನಿಘಂಟಿನಿಂದ ಹೆಕ್ಕಿದ ಅಂಗಾಂಗಗಳು,
ಅರ್ಧಕ್ಕರ್ಧ ಕಾಗುಣಿತ ತಪ್ಪು.
ಅನ್ನ ಬಸಿಯುತ್ತ ಬೈದೆ. ಅವನು ನಕ್ಕು
ನೂಲಿನ ಗಿರಣಿಯ ರಾತ್ರಿ ಪಾಳಿಗೆ ಹೋದ.

ಎರಡನೆಯ ಸಲ ನಾನೇ ಹಾಕಿದೆ.
ಆವತ್ತು ಒಂದು ಮಗು ಅಳಲಿಲ್ಲ.
ಬೆನ್ನು ತಿಕ್ಕಿದೆ, ಅಂಗಾಲು ತಟ್ಟಿದೆ, ಉಸಿರು ಊದಿದೆ,
ಅಳಲಿಲ್ಲ.
ಮನೆಗೆ ಬಂದರೆ ಎದುರುಮನೆಯ ಟೀವಿಯಲ್ಲಿ
ಯಾರೋ ಒಬ್ಬಳು ಜೇನು ಸುರಿದಂತೆ
ಎಲ್ಲ ಸರಿಹೋಗುತ್ತದೆ ಎಂದು ಹಾಡುತ್ತಿದ್ದಳು.
ಕ್ಯಾಸೆಟ್ಟು ತುರುಕಿ ಗುಂಡಿ ಒತ್ತಿದೆ.
ಹೋಗಲಿ ಬಿಡು ಅನ್ನದ ಸದ್ದು ಬೇಕಿತ್ತು.
ಅದು ಅನ್ನಲಿಲ್ಲ,
ಇಪ್ಪತ್ತೆಂಟು ನಿಮಿಷದಲ್ಲಿ ಒಂದು ಸಲವೂ.

ಆಮೇಲೆ ಕಿವಿ ತಾನೇ ದಾರಿ ಮಾಡಿಕೊಂಡಿತು.
ರೊಚ್ಚಿನೊಳಗೆ ಲೆಕ್ಕವಿತ್ತು;
ನಾಲ್ವರು ಹುಡುಗರು ಗಡಿಯಾರ ರಿಪೇರಿಯವರ ಹಾಗೆ
ಒಟ್ಟಿಗೆ ತಿರುಗಿ ಒಟ್ಟಿಗೆ ನಿಲ್ಲುತ್ತಿದ್ದರು.
ಮೂರನೆಯ ಹಾಡಿನ ನಡುವೆ ಒಂದು ಕಡೆ
ಎಲ್ಲವೂ ನಿಲ್ಲುತ್ತದೆ.
ಹಾಡುವವನು ಉಸಿರೆಳೆದುಕೊಳ್ಳುವುದು ಕೇಳುತ್ತದೆ,
ಯಾರದೋ ಸಾಧಾರಣ ಉಸಿರು,
ಒಂದು ಹೊಳ್ಳೆ ಕಟ್ಟಿದ್ದು.
ಆಮೇಲೆ ಮನೆ ಬೀಳುತ್ತದೆ.
ನಾನು ಕೇಳುವುದು ಆ ಹೊಳ್ಳೆಗಾಗಿ.

ಮಸೀದಿಯ ಓಣಿಯಲ್ಲಿ ಗಂಜಿ ಮಾರುವ ಎಂಜಾಂಗನೇ
ಆ ಹಾಡುವವನೆಂದು ತಾತಾಂಗ್ ಹೇಳಿದಾಗ ನಂಬಲಿಲ್ಲ.
ಉಪ್ಪು ಸಾಕಾ ಎಂದು ಅವನು ಕೇಳಿದರೆ
ಏನಂದೆ ಎಂದು ನಾವು ಎರಡು ಸಲ ಕೇಳಬೇಕು.

ರಂಜಾನಿನ ಒಂದು ರಾತ್ರಿ,
ಸಹರಿಗೆ ಎಬ್ಬಿಸುವ ಹುಡುಗರು ಡಬ್ಬಿ ಬಡಿಯುತ್ತ ಹೋದ ಮೇಲೆ,
ಹೆಂಡತಿ ಲಿಲಿಸಳನ್ನು ಕರೆತಂದ.
ಬಾಗಿಲಲ್ಲಿ ನಿಂತ, ಹಸಿರು ಚಪ್ಪಲಿ ಕೈಯಲ್ಲಿ ಹಿಡಿದು.
ಒಂಬತ್ತನೆಯ ಗಂಟೆಗೆ ಅವಳ ಕೂಗು
ಗಂಟಲಿಂದ ಜಾರಿ ಎದೆಗೆ, ಎದೆಯಿಂದ ಜಾರಿ
ಹೊಕ್ಕುಳ ಕೆಳಗೆ, ಇನ್ನೂ ಕೆಳಗೆ ಇಳಿಯಿತು.
ನನಗೆ ಗುರುತು ಸಿಕ್ಕಿತು.
ತಿರುಗಿ ನೋಡಿದೆ. ಅವನಿಗೂ ಸಿಕ್ಕಿತ್ತು.
ಬಿಳಿಚಿಕೊಂಡು ಪಿಸುಗುಟ್ಟಿದ:
ಅವಳಿಗೆ ಗಂಟಲು ನೋಯುವುದಿಲ್ಲವಾ?
ಗಂಟಲಿಂದ ಬರುತ್ತಿಲ್ಲ, ಅಂದೆ.
ತಲೆಯಾಡಿಸಿದ, ಕಸುಬು ಬಲ್ಲವನ ಹಾಗೆ.
ನನಗೆ ಅದಕ್ಕೆ ಹನ್ನೊಂದು ವರ್ಷ ಹಿಡಿಯಿತು.
ಮತ್ತೆ ಧೈರ್ಯ ತಂದುಕೊಂಡು, ಮೊದಲ ಸಲ ಜೋರಾಗಿ:
ಹೊಟ್ಟೆಯಿಂದ, ಲಿಲಿಸ್, ಗಂಟಲು ಬಿಟ್ಟುಬಿಡು!
ಅವಳು ಬೈದಳು,
ಒಂದೊಂದು ಅಕ್ಷರವೂ ಸ್ಪಷ್ಟವಾಗಿ.

ಹೆಣ್ಣು. ಅತ್ತಿತು, ಬಿಡದೆ ಅತ್ತಿತು.

ಎಂಟು ದಿನದ ಮೇಲೆ ಗಂಜಿ ತಂದ,
ಮೇಲೆ ಹುರಿದ ಸೋಯಾ, ಈರುಳ್ಳಿ.
ಕೇಳಿಯೇಬಿಟ್ಟೆ: ಮೂರನೆಯ ಹಾಡಿನಲ್ಲಿ
ಆವತ್ತು ನಿನಗೆ ಶೀತವಾಗಿತ್ತಾ?
ಕಿವಿಯ ತನಕ ಕೆಂಪಾದ.
ಅದನ್ನು ತೆಗೆದುಹಾಕಬೇಕಿತ್ತು, ಅಂದ,
ಸ್ಟುಡಿಯೋಗೆ ಕಟ್ಟಿದ ಗಂಟೆ ಮುಗಿದುಹೋಯಿತು.
ಮತ್ತೇನೋ ಕೇಳಿದ, ಕೇಳಿಸಲಿಲ್ಲ.
ಏನಂದೆ ಅಂದೆ.
ಉಪ್ಪು.